ಪಂಪ್ ಮೇಸ್ತ್ರಿಯ ಬಿಳಿ ಬಟ್ಟೆ

ನನ್ನ ಭಾವನನ್ನು ಹೆಸರು ಹಿಡಿದು ಹುಡುಕಿದರೆ ಪಕ್ಕದ ಬೀದಿಯವರೂ ತಲೆ ಕೆರೆದುಕೊಳ್ಳುತ್ತಾರೆ. ಪಂಪ್ ಮೇಸ್ತ್ರಿ ಎಂದರೆ ಸಾಕು, ಯಾವ ಲಾರಿ ಡ್ರೈವರ್ ಬೇಕಾದರೂ ಶೆಡ್ಡಿನ ದಾರಿ ತೋರಿಸುತ್ತಾನೆ. ಈಗ ಆ ಶೆಡ್ಡಿಗೆ ಬೀಗ. ಜನ ಬಾಯಿಗೆ ಬಂದಂತೆ ಮಾತಾಡುತ್ತಾರೆ. ಅದನ್ನು ಕೇಳಿ ಕೇಳಿ ತಲೆಕೆಟ್ಟು ಬರೆಯಲು ಕೂತಿದ್ದೇನೆ.

ಲಾರಿಯ ಎಂಜಿನ್ನಿಗೆ ಡೀಸೆಲ್ ಅಳೆದು ಕೊಡುವ ಪಂಪನ್ನು ರಿಪೇರಿ ಮಾಡುವುದು ಭಾವನ ಕಸುಬು. ಆ ಪಂಪಿನಲ್ಲಿ ಒಂದು ಸ್ಕ್ರೂ ಇರುತ್ತದೆ. ಕಂಪನಿಯವರು ಅದಕ್ಕೆ ತಂತಿ ಬಿಗಿದು, ಸೀಲು ಹಾಕಿ, ಮುಟ್ಟಬೇಡಿ ಎಂದು ಕಳಿಸಿರುತ್ತಾರೆ. ಭಾವ ಮೊದಲು ಕೈ ಹಾಕುತ್ತಿದ್ದುದೇ ಅದಕ್ಕೆ. ಸ್ವಲ್ಪ ಬಿಚ್ಚಿದರೆ ಡೀಸೆಲ್ ಜಾಸ್ತಿ ಹೋಗುತ್ತದೆ, ಲಾರಿ ಎಷ್ಟು ಲೋಡು ಹೇರಿದರೂ ದಿಬ್ಬ ಹತ್ತುತ್ತದೆ. ಉರಿಯದೆ ಉಳಿದದ್ದು ಕರಿ ಹೊಗೆಯಾಗಿ ಹಿಂದಿನಿಂದ ಬರುತ್ತದೆ. ಕೆಲಸ ಮುಗಿದ ಮೇಲೆ ಭಾವ ಸೈಲೆನ್ಸರಿನ ಬಾಯಿಗೆ ಒಂದು ಬಿಳಿ ಬಟ್ಟೆ ಹಿಡಿದು, ಆಕ್ಸಿಲೇಟರ್ ತುಳಿಸಿ, ಅದನ್ನು ಡ್ರೈವರಿಗೆ ತೋರಿಸುತ್ತಿದ್ದರು. ಬಟ್ಟೆ ಎಷ್ಟು ಕಪ್ಪಾದರೆ ಅವನಿಗೆ ಅಷ್ಟು ಸಮಾಧಾನ.

ಆ ಬಟ್ಟೆಗಳನ್ನು ಒಗೆಯುತ್ತಿದ್ದವಳು ನನ್ನ ಅಕ್ಕ. ಅವರ ಮನೆ ನಮ್ಮೂರಿನ ದಿಬ್ಬ ಹತ್ತುವ ರಸ್ತೆಗೆ ಅಂಟಿಕೊಂಡೇ ಇತ್ತು. ಅಡುಗೆಮನೆಯ ಕಿಟಕಿಯಿಂದ ಹೊಗೆ ನುಗ್ಗಿದರೆ, "ರೀ, ನಿಮ್ಮ ಲಾರಿ ಹೋಯ್ತು ನೋಡಿ" ಎಂದು ಕೂಗಿ ಹೇಳುತ್ತಿದ್ದಳು. ಗಂಡನ ಕೈಕೆಲಸದ ಬಗ್ಗೆ ಅವಳಿಗೆ ಅಷ್ಟು ಹೆಮ್ಮೆ.

ಸಿಮೆಂಟ್ ಕಾರ್ಖಾನೆ ಬಂದ ಮೇಲಂತೂ ದಿಬ್ಬಕ್ಕೆ ಪುರುಸೊತ್ತೇ ಇಲ್ಲ. ತಗಡಿನ ಮನೆಗಳು ಕಾಂಕ್ರೀಟಿನವಾದವು. ಸೈಕಲ್ಲಿನವರು ಬೈಕ್ ಕೊಂಡರು. ನಾನು ಆಟೋ ಕೊಂಡೆ, ಜಾಮೀನು ನಿಂತವರು ಭಾವನೇ. ಒಂದು ದಿನ ಶೆಡ್ಡಿನ ರೇಡಿಯೋದಲ್ಲಿ ಯಾರೋ, ಬೆಳೆಯುವ ದೇಶಗಳೂ ಇಂಗಾಲದ ಹೊಗೆ ಕಡಿಮೆ ಮಾಡಬೇಕು ಎಂದು ಹೇಳುತ್ತಿದ್ದರು. ಭಾವ ಸ್ಪ್ಯಾನರ್ ಕೆಳಗಿಟ್ಟು ನಕ್ಕರು.

"ದೊಡ್ಡ ದೇಶದವರ ಲಾರಿಗಳೆಲ್ಲ ದಿಬ್ಬ ಹತ್ತಿ ಆಯ್ತು. ನಮ್ಮದೂ ಹತ್ತಲಿ ಕಣೋ, ಹೊಗೆ ವಿಚಾರ ಆಮೇಲೆ ನೋಡೋಣ."

ನಾನೂ ನಕ್ಕೆ. ನನ್ನ ಹೊಟ್ಟೆಪಾಡೂ ಅದೇ ರಸ್ತೆಯ ಮೇಲಿತ್ತಲ್ಲ.

ಆಮೇಲೊಂದು ದಿನ ಬಟ್ಟೆ ಒಣಹಾಕಲು ಹೊರಟ ಅಕ್ಕ ಅರ್ಧ ಮೆಟ್ಟಿಲು ಹತ್ತಿ ಕೂತುಬಿಟ್ಟಳು. ಉಸಿರೇ ಸಾಲುತ್ತಿರಲಿಲ್ಲ. ಡಾಕ್ಟರ್ ಎಕ್ಸ್‌ರೇ ಹಿಡಿದು, "ಮನೇಲಿ ಯಾರು ಸಿಗರೇಟ್ ಸೇದ್ತೀರ?" ಎಂದರು. ಯಾರೂ ಇಲ್ಲ ಎಂದರು ಭಾವ. ಮನೆ ಎಲ್ಲಿ ಎಂಬ ಮುಂದಿನ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ. ಆ ಹೊಗೆಯಿಂದ ದೂರ ಹೋಗಿ ಎಂದರು ಡಾಕ್ಟರ್. ಕಟ್ಟಿಸಿದ ಮನೆ ಬಿಟ್ಟು ಬರುವುದಿಲ್ಲ ಎಂದು ಅಕ್ಕ ಹಟ ಹಿಡಿದಳು.

ಮಾರನೆಯ ದಿನದಿಂದ ಶೆಡ್ಡಿಗೆ ಬಂದ ಪ್ರತಿ ಲಾರಿಯ ಸ್ಕ್ರೂವನ್ನೂ ಅವರು ಬಿಗಿ ಮಾಡತೊಡಗಿದರು. ನನಗೊಬ್ಬನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾರು ಒಪ್ಪುತ್ತಾರೆ? ಡ್ರೈವರಿಗೆ ತೋರಿಸಲು ಹಿಂದಿನ ಮಸಿ ಬಟ್ಟೆಯನ್ನೇ ಇಟ್ಟುಕೊಂಡರು. ಅದನ್ನು ಒಗೆಯಬೇಡ ಎಂದು ಅಕ್ಕನಿಗೆ ತಾಕೀತು ಮಾಡಿದರು.

"ಭಾವ, ಲೋಡಿರೋ ಲಾರಿ ದಿಬ್ಬದಲ್ಲಿ ನಿಂತ್ರೆ?" ಎಂದೆ.

"ಲೋಡು ಕಮ್ಮಿ ಹಾಕ್ಲಿ. ಅವಳಿಗೆ ಉಸಿರಾಡೋಕೆ ಗಾಳಿ ಬೇಡ್ವಾ?"

ಲೋಡು ಯಾರೂ ಕಮ್ಮಿ ಹಾಕಲಿಲ್ಲ.

ಒಂದು ಮಧ್ಯಾಹ್ನ ಅಕ್ಕನ ತುಟಿ ನೀಲಿಗಟ್ಟಿತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆವು. ಆಸ್ಪತ್ರೆ ಇದ್ದದ್ದು ದಿಬ್ಬದಾಚೆ. ನೆತ್ತಿಯ ಹತ್ತಿರ, ರಸ್ತೆ ಕಿರಿದಾಗುವ ಕಡೆ, ಸಿಮೆಂಟ್ ಲಾರಿಯೊಂದು ಅಡ್ಡ ನಿಂತಿತ್ತು. ಬರೀ ಅರಚುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ. ನಮ್ಮ ಹಿಂದೆ ಆಗಲೇ ಬಸ್ಸು, ಬೈಕು ಸಾಲುಗಟ್ಟಿದ್ದವು. ಲಾರಿಯ ಡ್ರೈವರ್ ಭಾವನನ್ನು ಕಂಡವನೇ ಇಳಿದು ಓಡಿಬಂದ.

"ಮೇಸ್ತ್ರಿ, ದೇವ್ರು ಬಂದ ಹಾಗೆ ಬಂದ್ರಿ. ಮೊನ್ನೆ ನೀವೇ ಮಾಡಿಕೊಟ್ಟ ಪಂಪು. ಯಾಕೋ ಎಳೀತಾನೇ ಇಲ್ಲ."

ಭಾವ ಆಟೋದಿಂದ ಇಳಿದರು. ಒಮ್ಮೆ ಲಾರಿ ನೋಡಿದರು, ಒಮ್ಮೆ ಅಕ್ಕನನ್ನು ನೋಡಿದರು. ನನಗೆ ರೇಗಿಹೋಯಿತು. ಸೀಟಿನ ಕೆಳಗಿದ್ದ ಸ್ಪ್ಯಾನರ್, ಸ್ಕ್ರೂಡ್ರೈವರ್ ತೆಗೆದು ಅವರ ಕೈಗೆ ತುರುಕಿದೆ.

"ಬಿಚ್ಚಿ ಭಾವ. ಬೇರೆ ದಾರಿ ಇಲ್ಲ."

ಬಿಚ್ಚಿದರು. ಡ್ರೈವರ್ ಆಕ್ಸಿಲೇಟರ್ ತುಳಿದ. ಸೈಲೆನ್ಸರ್ ಇದ್ದದ್ದು ನಮ್ಮ ಎದುರಿಗೇ. ಹೊಗೆ ಆಟೋದೊಳಗೆ ತುಂಬಿಕೊಂಡಿತು. ನಾನು ಅಂಗಿ ಬಿಚ್ಚಿ ಅಕ್ಕನ ಮುಖಕ್ಕೆ ಹಿಡಿದೆ. ಅವಳು ಅದನ್ನು ಬೆರಳಿಂದ ಸರಿಸಿ, ಒಂದೊಂದೇ ಮಾತು ಎಳೆದು ಹೇಳಿದಳು.

"ನಿಮ್ ಭಾವನ ಲಾರಿ ಕಣೋ. ಹತ್ತತ್ತೆ ಬಿಡು."

ಲಾರಿ ಹತ್ತಿತು. ಭಾವ ಓಡಿಬಂದು ಅವಳ ಪಕ್ಕ ಕೂತರು. "ದಾರಿ ಆಯ್ತು ಕಣೇ, ಇನ್ನೇನು ಬಂದೇಬಿಟ್ವಿ" ಎಂದರು. ಅಕ್ಕನ ತಲೆ ಅವರ ಭುಜಕ್ಕೆ ವಾಲಿತು. ನಾನು ಕನ್ನಡಿಯಲ್ಲಿ ನೋಡಿದೆ, ಅವಳ ಎದೆ ಏಳುತ್ತಿರಲಿಲ್ಲ, ನನಗೆ ಗೊತ್ತಾಯಿತು. ಆದರೂ ಅವರು ಬೇಗ ಬೇಗ ಎನ್ನುತ್ತಿದ್ದರು, ನಾನು ಆಸ್ಪತ್ರೆಯವರೆಗೂ ಓಡಿಸಿದೆ. ದಾರಿಯುದ್ದಕ್ಕೂ ಭಾವ ಅವಳ ಮುಖದ ಮಸಿ ಒರೆಸುತ್ತಲೇ ಇದ್ದರು. ಕೈತುಂಬ ಗ್ರೀಸು. ಒರೆಸಿದಷ್ಟೂ ಅವಳ ಮುಖ ಇನ್ನಷ್ಟು ಕಪ್ಪಾಗುತ್ತಿತ್ತು.