ರೇಸಿನ ದ್ವೀಪಕ್ಕೆ ಬೇಕಾದ ಲೈಸೆನ್ಸು

ಕೊಟ್ಟೂರಿನ ಪುಷ್ಪಲತಾಳಿಗೆ ಐಲ್ ಆಫ್ ಮ್ಯಾನ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ತಲೆ ಚಿಟ್ಟು ಹಿಡಿಯುತ್ತಿತ್ತು. ಇಂಗ್ಲೆಂಡಿನ ಪಕ್ಕದ ಸಮುದ್ರದಲ್ಲಿ ಅಂಥದೊಂದು ದ್ವೀಪವಿದೆ, ವರ್ಷಕ್ಕೊಮ್ಮೆ ಅಲ್ಲಿ ಜನ ಓಡಾಡುವ ರಸ್ತೆಗಳನ್ನೇ ಮುಚ್ಚಿ ಬೈಕು ರೇಸು ನಡೆಸುತ್ತಾರೆ, ಒಂದು ಸುತ್ತಿಗೆ ಅರವತ್ತು ಕಿಲೋಮೀಟರು, ರೇಸಿಲ್ಲದ ಹೊತ್ತಿನಲ್ಲಿ ನಮ್ಮಂಥವರೂ ಅದೇ ರಸ್ತೆಯಲ್ಲಿ ಗಾಡಿ ಓಡಿಸಬಹುದು ಎಂಬುದನ್ನೆಲ್ಲ ಅವಳ ಗಂಡ ಜಂಬಣ್ಣ ಮದುವೆಯಾದ ವಾರದಲ್ಲೇ ಹೇಳಿದ್ದ. ಇಪ್ಪತ್ತಾರು ವರ್ಷವಾಯಿತು, ಇನ್ನೂ ಹೇಳುತ್ತಲೇ ಇದ್ದಾನೆ.

ಜಂಬಣ್ಣನದು ಬಸ್ ಸ್ಟ್ಯಾಂಡಿನ ಹಿಂದೆ ಬೈಕು ರಿಪೇರಿಯ ಗ್ಯಾರೇಜು. ಅದರ ಗೋಡೆಯ ಮೇಲೆ ಆ ದ್ವೀಪದ ರಸ್ತೆಯನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ. ಕ್ಲಚ್ ವೈರು ಹಾಕಿಸಲು ಬಂದ ರೈತರು ಯಾವ ತಿರುವಿನಲ್ಲಿ ಯಾವ ಗೇರು ಎಂದು ಕೇಳಿಸಿಕೊಂಡೇ ಹೋಗಬೇಕು. ಹೋದ ವರ್ಷ ಬೈಪಾಸಿಗೆ ಹೋದ ನಿವೇಶನದ ಪರಿಹಾರ ಕೈಗೆ ಬಂದದ್ದೇ ತಡ, ಊಟಕ್ಕೆ ಕೂತವನು ತಾಟು ಸರಿಸಿ ಹೇಳಿದ: "ಮುಂದಿನ ರೇಸಿಗೆ ಹೋಗೂದ. ಅಲ್ಲೇ ಬೈಕ್ ಬಾಡಿಗಿ ತಗೊಂಡು ಇಡೀ ದ್ವೀಪ ತಿರಗಸ್ತೀನಿ. ನೀ ಸುಮ್ನ ಹಿಂದ ಕುಂದ್ರು, ಸಾಕು."

ಸುಮ್ಮನೆ ಕೂರುವ ಭಾಗ್ಯವೆಲ್ಲಿತ್ತು ಅವಳಿಗೆ? ಹಸು, ಎಮ್ಮೆಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವಳ ಕೆಲಸ. ಬೈಕಿನ ಮಗ್ಗುಲಿಗೆ ವೀರ್ಯ ಕೆಡದಂತೆ ಇಡುವ ದ್ರವ ಸಾರಜನಕದ ಕ್ಯಾನು ಕಟ್ಟಿಕೊಂಡು ದಿನಕ್ಕೆ ಆರೇಳು ಹಳ್ಳಿ ತಿರುಗುವವಳು. ಹಳ್ಳಿಯವರ ಬಾಯಲ್ಲಿ ಡಾಕ್ಟರಮ್ಮ. ಆ ಕೆಲಸದ ನಡುವೆಯೇ ಇಬ್ಬರ ಪಾಸ್‌ಪೋರ್ಟು, ವೀಸಾ, ಬ್ಯಾಂಕಿನ ಕಾಗದ, ವಿಮಾನ, ಹಡಗು, ದ್ವೀಪದಲ್ಲಿ ಉಳಿಯಲು ಒಬ್ಬ ಮುದುಕಿಯ ಮನೆಯ ಕೋಣೆ, ಎಲ್ಲವನ್ನೂ ಅವಳೇ ಓಡಾಡಿ ಮುಗಿಸಿದಳು. ಈ ಹನ್ನೊಂದು ತಿಂಗಳಲ್ಲಿ ಜಂಬಣ್ಣ ಮಾಡಿದ ಕೆಲಸ ಎರಡೇ. ಫೋಟೋ ತೆಗೆಸಿಕೊಂಡ, ಅದರಲ್ಲಿ ಕಣ್ಣು ಮುಚ್ಚಿಕೊಂಡಿದ್ದಕ್ಕೆ ಮತ್ತೊಮ್ಮೆ ತೆಗೆಸಿಕೊಂಡ.

ಮಾರ್ಚ್ ಕೊನೆಗೆ ಉಳಿದದ್ದು ಬೈಕಿನ ಬಾಡಿಗೆಯೊಂದೇ. ಪುಷ್ಪಲತಾಳ ಅಣ್ಣನ ಮಗಳು ಶೃತಿಯ ಸೈಬರ್ ಅಂಗಡಿಯಲ್ಲಿ ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು.

"ಮಾಮ, ಲೈಸೆನ್ಸ್ ನಂಬರ್ ಹೇಳ್ರಿ."

ಜಂಬಣ್ಣ ಆರ್.ಸಿ. ಕಾರ್ಡು ತೆಗೆದುಕೊಟ್ಟ.

"ಇದು ಗಾಡೀದು. ನಿಮ್ದು ಬೇಕು."

ಇನ್ಶೂರೆನ್ಸಿನ ಕಾಗದ ಕೊಟ್ಟ. ಅದೂ ಅಲ್ಲ ಎಂದಾಗ ಹೊಗೆ ತಪಾಸಣೆಯ ಚೀಟಿ ಕೊಟ್ಟ. ಪುಷ್ಪಲತಾ ಗಂಡನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ಲೈಸೆನ್ಸ್ ಎಲ್ಲೈತ್ರಿ?" ಎಂದಳು.

"ಮಾಡಿಸಿಲ್ಲ."

"ರಿನ್ಯೂ ಮಾಡಿಸಿಲ್ಲೇನು?"

"ಮಾಡಿಸೇ ಇಲ್ಲ. ಈ ಊರಾಗ ನನ್ನ ಯಾರು ಕೇಳ್ತಾರ?"

ಪುಷ್ಪಲತಾ ಹಣೆ ಹಣೆ ಚಚ್ಚಿಕೊಂಡಳು. ಊರಿನ ಅರ್ಧ ಬೈಕುಗಳನ್ನು ಬಿಚ್ಚಿ ಕಟ್ಟಿದವನು, ದಿನಕ್ಕೆ ಹತ್ತು ಗಾಡಿ ಓಡಿಸಿ ನೋಡುವವನು, ಇಪ್ಪತ್ತಾರು ವರ್ಷ ಇವಳಿಗೆ ರೇಸಿನ ಪುರಾಣ ಹೇಳಿದವನು ಲೈಸೆನ್ಸೇ ಇಲ್ಲದೆ ಬದುಕಿದ್ದಾನೆ. ಜತೆಯಲ್ಲೇ ಇದ್ದ ತನಗೂ ಒಂದು ದಿನ ಕೇಳಬೇಕೆನ್ನಿಸಲಿಲ್ಲವಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಶೃತಿ ಬಾಡಿಗೆಯವರ ನಿಯಮ ಓದಿ ಹೇಳಿದಳು: ಲೈಸೆನ್ಸು ಕನಿಷ್ಠ ಎರಡು ವರ್ಷ ಹಳೆಯದಿರಬೇಕು. ಅಂದರೆ ನಾಳೆಯೇ ಮಾಡಿಸಿದರೂ ಪ್ರಯೋಜನವಿಲ್ಲ.

"ಅತ್ತಿ, ನಿಮ್ದು ಎಷ್ಟು ವರ್ಷದ್ದೈತಿ?"

"ಹದಿನಾಲ್ಕು. ಕೆಲಸಕ್ಕ ಸೇರುವಾಗ ಕೇಳಿದ್ರಲ್ಲ, ಆವಾಗ ಮಾಡಿಸಿದ್ದು. ಗೇರಿನ ಗಾಡೀದ."

ಶೃತಿ ಸವಾರರ ಜಾಗದಲ್ಲಿ ಅತ್ತೆಯ ಹೆಸರು ಹಾಕಿ, ಹಿಂದೆ ಕೂರುವವರ ಜಾಗಕ್ಕೆ ಮಾವನ ಹೆಸರು ಇಳಿಸಿದಳು. ಜಂಬಣ್ಣ ಎದ್ದು ನಿಂತ.

"ಹಂಗಾದ್ರ ನಾ ಬರಂಗಿಲ್ಲ," ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೋದ.

ಬಾಡಿಗೆಯವರ ಹತ್ತಿರ ಇನ್ನು ಎರಡೇ ಬೈಕು ಉಳಿದಿದ್ದವು. ನಾಳೆ ಮಧ್ಯಾಹ್ನದವರೆಗೆ ತಡೆ ಎಂದು ಶೃತಿಗೆ ಹೇಳಿ ಪುಷ್ಪಲತಾ ಮನೆಗೆ ಬಂದರೆ, ಜಂಬಣ್ಣನ ಹತ್ತಿರ ನೆಪಗಳ ರಾಶಿಯೇ ಸಿದ್ಧವಿತ್ತು. ಮೊಣಕಾಲು ನೋವಂತೆ. ಗ್ಯಾರೇಜು ಮುಚ್ಚಿದರೆ ಗಿರಾಕಿ ಕೈಬಿಡುತ್ತಾರಂತೆ. ಅಲ್ಲಿಯ ಚಳಿ ಮೈಗೆ ಆಗುವುದಿಲ್ಲವಂತೆ. ನಿನ್ನೆಯವರೆಗೆ ಇಲ್ಲದ ಮೊಣಕಾಲು ಇವತ್ತು ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಕೇಳುವ ಮನಸ್ಸೇ ಹೋಗಿತ್ತು. ಅಷ್ಟು ವರ್ಷ ಜಪಿಸಿದ್ದನ್ನು ಅವನು ಒಂದೇ ಮಾತಿಗೆ ಬಿಟ್ಟಿದ್ದ. ಹೆಂಡತಿಯ ಹಿಂದೆ ಕೂರುವುದು ಅಷ್ಟು ಕೀಳಾಗಿ ಹೋಯಿತೇ ಎಂಬುದು ಅವಳನ್ನು ಚುಚ್ಚುತ್ತಿತ್ತು. ಹನ್ನೊಂದು ತಿಂಗಳು ಓಡಾಡಿದ್ದು ಇಂಥವನಿಗಾಗಿ ಎಂದು ಅಳುವೇ ಬಂತು.

ಬೆಳಿಗ್ಗೆ ಅವನು ಎದ್ದು ಹಲ್ಲುಜ್ಜುವಷ್ಟರಲ್ಲಿ ಅವಳು ಅವನ ಬುಲೆಟ್ ಬೈಕನ್ನು ಬಾಗಿಲ ಮುಂದೆ ತಿರುಗಿಸಿ ನಿಲ್ಲಿಸಿದ್ದಳು.

"ಹತ್ರಿ."

"ಅದು ನಿನ್ನ ಸಣ್ಣ ಗಾಡಿ ಅಲ್ಲ. ಕೆಡವ್ತೀ."

"ಕೆಡವಿದ್ರ ರಿಪೇರಿ ಮಾಡಾಕ ನೀವ ಅದೀರಲ್ಲ. ಹತ್ರಿ."

ಇಟ್ಟಿಗಿ ಊರಿನ ಕಡೆಯ ರಸ್ತೆ ಹಿಡಿದಳು. ಆ ರಸ್ತೆಯ ಒಂದೊಂದು ಗುಂಡಿಯೂ ಅವಳಿಗೆ ಬಾಯಿಪಾಠ. ಜಂಬಣ್ಣನ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರಲಿಲ್ಲ. ಗೇರು ಇಳಿಸು ಎನ್ನುತ್ತಿದ್ದ, ಮುಂದೆ ಟ್ರ್ಯಾಕ್ಟರ್ ಐತಿ ಎನ್ನುತ್ತಿದ್ದ, ಇಲ್ಲದ ಬ್ರೇಕನ್ನು ಹಿಂದಿನಿಂದಲೇ ಒತ್ತುತ್ತಿದ್ದ. ಹತ್ತು ಕಿಲೋಮೀಟರು ಹಲ್ಲು ಕಚ್ಚಿಕೊಂಡು ಬಂದವಳು ಒಂದು ಹಳ್ಳಿಯ ಹಾಲಿನ ಡೇರಿಯ ಮುಂದಿನ ಬಯಲಿಗೆ ಗಾಡಿ ತಿರುಗಿಸಿ ನಿಲ್ಲಿಸಿದಳು.

"ಖರೇ ಹೇಳ್ರಿ. ನನ್ನ ಹಿಂದ ಕುಂದ್ರಾಕ ನಾಚಿಕಿ ಏನು ನಿಮಗ?"

ಜಂಬಣ್ಣ ಇಳಿದು ಟೈರಿನ ಗಾಳಿ ಒತ್ತಿ ನೋಡಿದ.

"ಲೈಸೆನ್ಸಿಗೆ ಹೋಗಿದ್ನಿ," ಎಂದ. "ಮದುವಿಗಿಂತ ಮೊದಲ, ಹೊಸಪೇಟಿಗೆ. ಮೂರು ಸಲ. ಎಂಟರ ಆಕಾರದಾಗ ಗಾಡಿ ತಿರುಗಸಬೇಕಲ್ಲ, ಮೂರೂ ಸಲ ಕಾಲು ಊರಿಬಿಟ್ನಿ. ಮೂರನೇ ಸಲ ನಾನ ರಿಪೇರಿ ಮಾಡಿದ ಗಾಡಿ ಮ್ಯಾಲ ನನ್ನ ಗೆಳ್ಯಾ ಓಬಳೇಶ ಪಾಸಾದ, ನಾ ಫೇಲಾದ್ನಿ. ಮೆಕ್ಯಾನಿಕ್ ಫೇಲಾಗ್ಯಾನ ಅಂತ ಎಲ್ಲಾರೂ ನಕ್ರು. ಆಮ್ಯಾಲ ಆ ಕಡೆ ತಲಿ ಹಾಕಲಿಲ್ಲ. ನಿನಗ ಒಂದೇ ಸಲಕ್ಕ ಕೊಟ್ರು. ಅವತ್ತ ಹೇಳಬೇಕು ಅಂದ್ನಿ, ಬಾಯಿ ಬರಲಿಲ್ಲ."

ಪುಷ್ಪಲತಾಳಿಗೆ ಆ ದಿನ ನೆನಪಾಯಿತು. ಲೈಸೆನ್ಸು ಬಂದ ಸಂತೋಷಕ್ಕೆ ಪೇಡೆ ತಂದಿದ್ದಳು. ಅವನು ತಿನ್ನದೆ ಗ್ಯಾರೇಜಿಗೆ ಹೋಗಿದ್ದ. ಹೆಂಡತಿ ಮುಂದೆ ಬಂದದ್ದು ಇವನಿಗೆ ಸೇರುವುದಿಲ್ಲ ಎಂದು ಅವಳು ಒಂದು ವಾರ ಮುಖ ಊದಿಸಿಕೊಂಡಿದ್ದಳು. ದೂರದೂರಿಗೆಂದರೆ ಬೈಕಿದ್ದರೂ ಬಸ್ಸಿಗೇ ಕರೆದೊಯ್ಯುತ್ತಾನೆ ಎಂದು ಬೈದದ್ದಕ್ಕೂ ಲೆಕ್ಕವಿರಲಿಲ್ಲ. ಎಲ್ಲವೂ ಇದಕ್ಕಾಗಿಯೇ ಎಂದು ತಿಳಿದ ಮೇಲೆ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ಒಂದು ಮಾತು ಹೇಳಿದ್ರ ನಾನ ಕಲಸ್ತಿದ್ನಲ್ರಿ," ಎನ್ನುತ್ತ ಬಿದ್ದಿದ್ದ ಕೋಲೊಂದನ್ನು ತೆಗೆದುಕೊಂಡು ಮಣ್ಣಿನಲ್ಲಿ ದೊಡ್ಡದಾಗಿ ಎಂಟು ಬರೆದಳು. "ಹೊಡೀರಿ ನೋಡೂಣು."

ಮೊದಲ ತಿರುವಿನಲ್ಲೇ ಕಾಲು ನೆಲಕ್ಕೆ ಬಂತು. ಎರಡನೆಯ ಸಲವೂ ಬಂತು. ರೇಸು ತುಂಬಿಕೊಂಡ ತಲೆಗೆ ಮೆಲ್ಲಗೆ ಹೋಗುವುದೇ ಆಗುತ್ತಿರಲಿಲ್ಲ. "ಮುಂದ ನೋಡ್ರಿ, ಗಾಲಿ ನೋಡಬ್ಯಾಡ್ರಿ," ಎಂದು ಅವಳು ಕೂಗುತ್ತಲೇ ಇದ್ದಳು. ನಾಲ್ಕನೆಯ ಸಲ ಅವನು ಕಾಲೂರಿ ನಿಂತ ಹೊತ್ತಿಗೆ, ಡೇರಿಗೆ ಹಾಲು ಹಾಕಿ ಹೊರಟಿದ್ದ ಹೊನ್ನೂರಮ್ಮ ಕ್ಯಾನು ಕೆಳಗಿಟ್ಟು ನೋಡುತ್ತ ನಿಂತಳು. ಅವಳ ಎಮ್ಮೆಗೆ ಗರ್ಭಧಾರಣೆ ಮಾಡುತ್ತಿದ್ದವಳು ಪುಷ್ಪಲತಾಳೇ.

"ಡಾಕ್ಟರಮ್ಮ, ಯಜಮಾನ್ರು ಈಗ ಗಾಡಿ ಕಲೀತಾರೇನ್ರಿ?"

ಪುಷ್ಪಲತಾ ಕೋಲು ಬಿಸುಟು ಗಂಡನ ಕಡೆ ತಿರುಗಿದಳು. ಇದೊಂದು ಮಾತು ಸಾಕು, ಇವನು ಇಲ್ಲಿಂದಲೇ ನಡೆದು ಮನೆಗೆ ಹೋಗುತ್ತಾನೆ, ಹಡಗೂ ಇಲ್ಲ ದ್ವೀಪವೂ ಇಲ್ಲ ಎಂದುಕೊಂಡಳು. ಏನಾದರೂ ಸುಳ್ಳು ಹೇಳಿ ಅವನ ಮಾನ ಉಳಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಜಂಬಣ್ಣನೇ ಅಂದ:

"ಹೂನವ್ವಾ, ಕಲೀತೀನಿ. ಇಕಿ ಕಲಸಾಕತ್ಯಾಳ. ನನಗಿಂತ ಇಕಿ ಚಲೋ ಹೊಡೀತಾಳ."

ಹೊನ್ನೂರಮ್ಮ ಕ್ಯಾನು ಎತ್ತಿಕೊಂಡು ಹೋದಳು. ಜಂಬಣ್ಣ ಗಾಡಿಯಿಂದ ಇಳಿದು, ಹ್ಯಾಂಡಲನ್ನು ಹೆಂಡತಿಯ ಕಡೆಗೆ ತಿರುಗಿಸಿ ಹಿಡಿದು, ಅವಳು ಹತ್ತುವವರೆಗೂ ಕಾದು, ಹಿಂದೆ ಕೂತ.

"ನಡಿ. ಶೃತಿ ಅಂಗಡಿ ತೆಗದಿರ್ತಾಳ. ಆ ಬೈಕ್ ಯಾರರ ತಗೊಂಡಾರು."

ಪುಷ್ಪಲತಾಳಿಗೆ ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು ಗಾಡಿ ಶುರು ಮಾಡಿದಳು. ಕೊಟ್ಟೂರಿನ ತನಕ ಜಂಬಣ್ಣ ಒಂದು ಗುಂಡಿಯನ್ನೂ ತೋರಿಸಲಿಲ್ಲ. ಬೈಯಲು ಅವಳಿಗೂ ಏನೂ ಸಿಗಲಿಲ್ಲ.