ಬೋರಲು ಹಾಕಿದ ಮಂಕರಿ

ನನ್ನ ತಮ್ಮನಿಗೆ ಎಡಿಎಚ್‌ಡಿ ಇದೆ ಎಂದು ಡಾಕ್ಟರು ಹೇಳಿದಾಗ ಅವನಿಗೆ ಇಪ್ಪತ್ತೈದು ದಾಟಿತ್ತು. ಏಳನೇ ಕ್ಲಾಸಿಗೆ ಓದು ಬಿಟ್ಟ ನನಗೆ ಆ ನಾಲ್ಕು ಅಕ್ಷರ ಅರ್ಥವಾಗಲಿಲ್ಲ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಅದು ಸೋಮಾರಿತನವಲ್ಲ ಎಂದು ಅವನೇ ಬಿಡಿಸಿ ಹೇಳಿದ. ಅಷ್ಟರೊಳಗೆ ನಾನು ಮಾಡಬಾರದ್ದನ್ನು ಮಾಡಿ ಎರಡು ವರ್ಷವಾಗಿತ್ತು.

ರೇಷ್ಮೆಗೂಡಿನ ಮಾರುಕಟ್ಟೆಯಿರುವ ಪುಟ್ಟ ಪಟ್ಟಣ ವಿಜಯಪುರದ ಹತ್ತಿರ ನಮ್ಮದು ರೇಷ್ಮೆಹುಳು ಸಾಕುವ ಮನೆ. ಹುಳು ಪೊರೆ ಬಿಡುವಾಗ ಒಂದು ದಿನ ಸೊಪ್ಪು ತಿನ್ನದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಎಲ್ಲ ಹುಳುವೂ ಜ್ವರದಿಂದ ಏಳುವ ತನಕ ಸೊಪ್ಪು ಹಾಕಬಾರದು. ಹಾಕಿದರೆ ಮೊದಲೆದ್ದವು ತಿಂದು ಬೆಳೆದು, ಉಳಿದವು ಹಿಂದೆ ಬಿದ್ದು, ಬೆಳೆ ಕೆಡುತ್ತದೆ. ತಮ್ಮ ಒಮ್ಮೆ ಮರೆತು ಹಾಗೆ ಹಾಕಿಬಿಟ್ಟಿದ್ದ. ಬೈಗುಳ ತಿಂದ ಮೇಲೆ ತಾನೇ ಒಂದು ದಾರಿ ಕಂಡುಕೊಂಡ. ಜ್ವರಕ್ಕೆ ಕೂತ ದಿನ ಸೊಪ್ಪು ತರುವ ಬಿದಿರಿನ ಮಂಕರಿಯನ್ನು ಹುಳುಮನೆ ಬಾಗಿಲಲ್ಲಿ ಬೋರಲು ಹಾಕುವುದು. ಬೋರಲಿದ್ದರೆ ಸೊಪ್ಪಿಲ್ಲ. ಫೋನಿನ ಅಲಾರಂ ಹೊಡೆದರೆ ಆಫ್ ಮಾಡಿ, ಯಾಕೆ ಹೊಡೆಯಿತೆಂದೇ ಮರೆಯುತ್ತೇನೆ, ಮಂಕರಿಯಾದರೆ ಕಾಲಿಗೇ ತಗಲುತ್ತದೆ ಎಂದು ನಗುತ್ತಿದ್ದ. ಮೂರು ಬೆಳೆ ಚೆನ್ನಾಗಿ ಬಂದವು.

ನಾಲ್ಕನೆಯದರಲ್ಲಿ, ಹುಳು ಜ್ವರಕ್ಕೆ ಕೂತ ದಿನವೇ, ನಾನು ಆ ಮಂಕರಿ ಎತ್ತಿಕೊಂಡು ಅವರೆಕಾಯಿ ಕೀಳಲು ಹೋದೆ. ವಾಪಸ್ ತಂದು ಎಂದಿನಂತೆ ನೆಟ್ಟಗೆ ಇಟ್ಟೆ. ಅವನು ಬಂದ, ಮಂಕರಿ ನೋಡಿದ, ಸೊಪ್ಪು ಹಾಕಿದ. ಬೆಳೆ ಕೆಟ್ಟಿತು.

"ನಿನ್ ಕೈಗೆ ಇನ್ಮೇಲೆ ಹುಳ ಕೊಡಲ್ಲ ಕಣಪ್ಪ," ಅಂದರು ಅಪ್ಪ. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಗೆ ಸೇರಿಸಿದರು, ಅವನು ಅಲ್ಲೇ ರೂಮು ಮಾಡಿಕೊಂಡ. ಅಪ್ಪ ಆ ಮಾತು ಹೇಳುವಾಗ ನಾನು ಅಲ್ಲೇ ನಿಂತಿದ್ದೆ. ಯಾಕೆ ಬಾಯಿ ಬಿಡಲಿಲ್ಲ ಎಂದು ಈಗಲೂ ತಿಳಿಯದು. ಹೆದರಿಕೆಯೇ? ಅಪ್ಪ ನನಗೆ ಒಂದು ದಿನವೂ ಬೈದವರಲ್ಲ. ಅದನ್ನು ಕಳೆದುಕೊಳ್ಳಬಾರದೆಂದೋ ಏನೋ. ಅವನು ಅಂದು ಬೋರಲೇ ಹಾಕಿರಲಿಲ್ಲವೇನೋ ಎಂದೂ ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದೆ. ಆದರೆ ಮಂಕರಿಯ ತಳಕ್ಕೆ ಕೈ ಹಾಕಿ ಎತ್ತಿದ್ದು ನನ್ನ ಕೈಗೆ ನೆನಪಿದೆ.

ಕಳೆದ ಭಾನುವಾರ ಮನೆಗೆ ಬಂದವನು ಒಂದು ನೋಟ್‌ಬುಕ್ ತೋರಿಸಿದ. ಏನು ತಪ್ಪಾಯಿತು, ಮುಂದೆ ಏನು ಮಾಡಬೇಕು ಎಂದು ಬರೆದಿಡಲು ಡಾಕ್ಟರು ಹೇಳಿದ್ದರಂತೆ. ಬಸ್ಸು ತಪ್ಪಿದ್ದು, ಗ್ಯಾಸ್ ಆರಿಸದೆ ಹೋದದ್ದು, ಪ್ರತಿಯೊಂದಕ್ಕೂ ಒಂದು ಉಪಾಯ. ಮಂಕರಿಯ ಪುಟದಲ್ಲಿ ಮಾತ್ರ ಉಪಾಯವಿರಲಿಲ್ಲ. "ಬೋರಲು ಹಾಕಿದ್ದು ಚೆನ್ನಾಗಿ ನೆನಪಿದೆ. ಆದರೆ ಹಾಕಿರಲಿಲ್ಲ. ಚೆನ್ನಾಗಿ ನೆನಪಿರುವುದನ್ನೂ ನಂಬಬಾರದು," ಎಂದಷ್ಟೇ ಇತ್ತು.

"ನೀನ್ ಹಾಕಿದ್ದೆ ಕಣೋ," ಅಂದೆ. "ತೆಗ್ದಿದ್ದು ನಾನು."

ಬೈಯುತ್ತಾನೆ ಎಂದುಕೊಂಡೆ. "ಅಂದ್ರೆ ನಾನ್ ಹಾಕಿದ್ದೆ ಅಲ್ವಾ ಅಕ್ಕ? ಹಾಕಿದ್ದೆ ಅಲ್ವಾ?" ಎಂದು ಮತ್ತೆ ಮತ್ತೆ ಕೇಳಿದ. ಕೊನೆಯ ಸಾಲಿನ ಮೇಲೆ ಗೀಟು ಎಳೆದ. ಅವನಿಗೆ ಖುಷಿಯೋ ಸಿಟ್ಟೋ ನನಗೆ ಗೊತ್ತಾಗಲಿಲ್ಲ. ಆಮೇಲೆ ತಲೆಯೆತ್ತದೆ, "ಅಪ್ಪಂಗೆ ಹೇಳಿದ್ಯಾ?" ಅಂದ.

ಅಪ್ಪ ಜಗಲಿಯ ಮೇಲೆ ಸೊಪ್ಪು ಕತ್ತರಿಸುತ್ತಿದ್ದರು. ಪಕ್ಕದಲ್ಲಿ ಕೂತು, ಆ ಸಲ ಮಂಕರಿ ನೆಟ್ಟಗೆ ಇಟ್ಟದ್ದು ನಾನು ಎಂದೆ.

"ಯಾವ ಮಂಕರಿ?" ಅಂದರು ಅಪ್ಪ.

ತಮ್ಮ ಬಾಗಿಲಲ್ಲಿ ನಿಂತಿದ್ದ. ನಾನು ಮೊದಲಿನಿಂದ ಹೇಳತೊಡಗಿದೆ.