ತಮ್ಮನ ಜಾಗಗಳ ನೀರು

ನನ್ನ ತಮ್ಮ ಜಾಗ ಕೊಳ್ಳುವ ಮೊದಲು ಅಲ್ಲಿನ ಬಾವಿಯ ನೀರು ನೋಡುತ್ತಿದ್ದ. ಕಾಗದಪತ್ರ ಆಮೇಲೆ. ನೀರು ಕುಡಿದು ಹೇಳುವ ಕೆಲಸ ನನ್ನದು. ಚಿಕ್ಕಂದಿನಲ್ಲೂ ನಾನು ಕುಡಿದು ಸರಿ ಅಂದ ಮೇಲೆಯೇ ಅವನು ಲೋಟ ಮುಟ್ಟುತ್ತಿದ್ದದ್ದು. ದೊಡ್ಡ ಮನುಷ್ಯನಾದ ಮೇಲೂ ಅದನ್ನು ಬಿಡಲಿಲ್ಲ. ಬಂಟ್ವಾಳದ ನನ್ನ ಬಾಡಿಗೆ ಮನೆಯೆದುರು ಕಾರು ನಿಲ್ಲಿಸಿ ಹಾರ್ನ್ ಹಾಕುವನು. ನಾನು ಬೀಡಿ ಎಲೆಯ ಗೆರಸೆ ಬದಿಗಿಟ್ಟು ಹೊರಡುವೆ.

ಗುರುವಾಯನಕೆರೆಯಲ್ಲಿ ಅಂಗಡಿ ಸಾಲು, ಬೆಳ್ತಂಗಡಿ ಕಡೆ ರಬ್ಬರ್ ತೋಟ, ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ಬಾಡಿಗೆಗೆ ಕೊಟ್ಟ ಕಟ್ಟಡಗಳು. ಎಲ್ಲದರ ಬಾವಿಯಿಂದಲೂ ಮೊದಲು ಕುಡಿದವಳು ನಾನು. ಕುಡಿದು, ಬಾಯಿ ಒರೆಸಿಕೊಂಡು, ನನ್ನ ಬಾಡಿಗೆ ಮನೆಗೆ ಹಿಂದಿರುಗಿದವಳೂ ನಾನೇ. ಹೊಟ್ಟೆ ಉರಿಯುತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಒಮ್ಮೆ ಮೂಡುಬಿದಿರೆಯ ಹೊರಗೆ ಹತ್ತು ಸೆಂಟ್ಸ್ ಜಾಗ ನೋಡಲು ಹೋದೆವು. ಸಣ್ಣ ಹಂಚಿನ ಮನೆ, ಹಿಂದೆ ಬಾವಿ. ನೀರು ಬಾಯಿಗೆ ಬಿದ್ದದ್ದೇ ಅಲ್ಲಿಯೇ ಕುಳಿತುಬಿಡೋಣ ಅನ್ನಿಸಿತು. ಇಂಥದ್ದೊಂದು ನನಗಿದ್ದರೆ ಅಂತ ಆಸೆಯಾಯಿತು. ಇವನು ಮನೆ ಕೆಡವಿ ನಾಲ್ಕು ಮಾಳಿಗೆ ಎಬ್ಬಿಸುತ್ತಾನೆ ಎಂದೂ ಗೊತ್ತಿತ್ತು.

"ಅಕ್ಕ, ಹೇಗುಂಟು?"

"ತುಕ್ಕಿನ ರುಚಿ ಉಂಟು. ಬೇಡ."

ಬ್ರೋಕರ್ ತಲೆಗೆ ಕೈಯಿಟ್ಟ. "ಈ ಅಕ್ಕನ ನಾಲಗೆಗೆ ನನ್ನ ಕಮಿಷನ್ ಹೋಯ್ತಲ್ಲ ಮಾರಾಯ್ರೆ!"

ತಮ್ಮ ನಕ್ಕ. ಜಾಗ ಬಿಟ್ಟ. ನನಗೆ ಸಿಗದ್ದು ಅವನಿಗೂ ಸಿಗಲಿಲ್ಲ ಎಂದು ದಾರಿಯುದ್ದಕ್ಕೂ ಒಳಗೊಳಗೇ ಖುಷಿಪಟ್ಟೆ. ಆಮೇಲೆಯೂ ಅವನು ನನ್ನನ್ನು ಎಷ್ಟೋ ಜಾಗಗಳಿಗೆ ಕರೆದೊಯ್ದ. ನಾನು ಮತ್ತೆ ಸುಳ್ಳು ಹೇಳಲಿಲ್ಲ. ಆ ಒಂದನ್ನು ಒಪ್ಪಿಕೊಳ್ಳಬೇಕೆಂದು ಪ್ರತಿ ಸಲ ಕಾರು ಹತ್ತುವಾಗ ಅಂದುಕೊಳ್ಳುತ್ತಿದ್ದೆ. ಹೇಳುವ ಮೊದಲೇ ಅವನು ಹೋದ; ಬೆಳಗ್ಗೆ ಎದೆನೋವು, ಮಧ್ಯಾಹ್ನಕ್ಕೆ ಇಲ್ಲ.

ಹದಿಮೂರನೆಯ ದಿನ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಅವನ ಮನೆ ತುಂಬ ಜನ. ಬಾಡಿಗೆಯವರು, ಬ್ರೋಕರ್‌ಗಳು, ಎಲ್ಲರಿಗೂ ಅವನ ಬಗ್ಗೆ ಹೇಳಲು ಏನಾದರೂ ಇತ್ತು. ನಾನು ಅವನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ: "ಆ ಹತ್ತು ಸೆಂಟ್ಸಿನ ನೀರಿಗೆ ತುಕ್ಕು ಇರಲಿಲ್ಲ."

"ಗೊತ್ತುಂಟಕ್ಕ," ಅಂದಳು. "ಮರುದಿನ ಅವರೊಬ್ಬರೇ ಹೋಗಿ ಕುಡಿದು ಬಂದಿದ್ರು. ಅಕ್ಕನಿಗೆ ಆಸೆ ಆಗಿರಬೇಕು, ಅದೊಂದು ಬೇಡ ಅಂತ ಹೇಳಿದ್ರು. ನಾವಿಬ್ರೂ ಎಷ್ಟು ನಗಾಡಿದ್ದೆವು!"

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಮಾತ್ರ ಮೈ ಉರಿಯಿತು. ಜಾಗ, ಕಟ್ಟಡ, ಕಾರು ಎಲ್ಲ ಅವಳದಾದಾಗ ಇಷ್ಟು ಉರಿದಿರಲಿಲ್ಲ. ನನ್ನ ತಪ್ಪನ್ನು ಅವನು ಅವಳ ಬಳಿ ಹೇಳಿದ್ದ, ನನ್ನ ಬಳಿ ಹೇಳಲಿಲ್ಲ. ನನಗೊಂದು ಸಲ ಬೈಯಬಹುದಿತ್ತು. ಬೈದಿದ್ದರೆ ಆ ಬೈಗುಳವಾದರೂ ನನ್ನದಾಗಿ ಉಳಿಯುತ್ತಿತ್ತು.

ಅಷ್ಟರಲ್ಲಿ ಯಾರೋ ಸಾರು ಮುಗಿಯಿತೆಂದು ಅವಳನ್ನು ಕರೆದರು. ಅವಳು ಒಳಗೆ ಹೋದಳು. ನಾನೂ ಹಿಂದೆಯೇ ಹೋದೆ.

"ನನ್ನ ಬಗ್ಗೆ ಮತ್ತೆ ಏನು ಹೇಳಿದ್ದ?" ಎಂದು ಕೇಳಿದೆ.